ಖಾರದ ಮೇಲೆ ಹೊರಿಸಿದ ಅಪವಾದ

ನಲವತ್ತನಾಲ್ಕನೆಯ ವಯಸ್ಸಿಗೆ ಬಿಳಿಗೂದಲು ಬರಬಹುದು, ಚಾಳೀಸು ಬರಬಹುದು. ಯಾರೂ ಏನೂ ಅನ್ನುವುದಿಲ್ಲ. ನನಗೆ ಮೊಡವೆ ಬಂದವು. ಮೂಗಿನ ತುದಿಗೆ ಒಂದು, ಗದ್ದಕ್ಕೆ ಮೂರು. ನವನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಹತ್ತನೆಯ ತರಗತಿಯ ಹುಡುಗಿಯರೆಲ್ಲ ಕರಿಹಲಗೆ ಬಿಟ್ಟು ನನ್ನ ಮೂಗನ್ನೇ ನೋಡತೊಡಗಿದರೆ ಪಾಠ ಮಾಡುವುದು ಹೇಗೆ?

ಕಾರಣ ನನಗೆ ಗೊತ್ತಿತ್ತು. ಗೊತ್ತಿತ್ತೇನು, ಹದಿನೆಂಟು ವರ್ಷಗಳಿಂದ ಅದನ್ನೇ ಕಲಿಸುತ್ತಿದ್ದೆ: ಖಾರ ತಿಂದರೆ ಮೊಡವೆ. ಕೂಡಲೇ ಮನೆಯಲ್ಲಿ ಮೆಣಸಿನಕಾಯಿಗೆ ಬಹಿಷ್ಕಾರ ಹಾಕಿದೆ. ಯಜಮಾನರು ಸಪ್ಪೆ ಪಲ್ಯವನ್ನು ರೊಟ್ಟಿಯಲ್ಲಿ ಹಿಡಿದು, "ಮೊಡವಿ ನಿನಗ, ಪಥ್ಯ ನನಗ್ಯಾಕ?" ಎಂದರು. ಸಪ್ಪೆ ಊಟದ ಬೇಸರ ಕಳೆಯಲು ನಾನು ಬೆಳಿಗ್ಗೆ ಬ್ರೆಡ್ಡಿಗೆ ಜಾಮ್, ಸಂಜೆ ಒಂದು ಬಟ್ಟಲು ಸಕ್ಕರೆ ಸುರಿದ ಶಿರಾ ರೂಢಿ ಮಾಡಿಕೊಂಡೆ. ತಿಂಗಳೊಳಗೆ ಗದ್ದದ ಮೂರು ಏಳಾದವು.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ನನಗಿಂತ ಚಿಕ್ಕ ಹೆಣ್ಣುಮಗಳು. "ಖಾರ ಬಿಟ್ಟು ಏನ್ ತಿನ್ನಾಕತ್ತೀರಿ?" ಎಂದು ಕೇಳಿದಳು. ಹೇಳಿದೆ.

"ಅಲ್ರೀ ಟೀಚರ್, ಖಾರದಿಂದ ಮೊಡವಿ ಬರ್ತಾವ ಅನ್ನಾಕ ಗಟ್ಟಿ ಪುರಾವಿ ಇಲ್ಲ. ಸಕ್ಕರಿ, ಮೈದಾ ಜಾಸ್ತಿ ಆದ್ರ ಕೆಲವ್ರಿಗೆ ಹೆಚ್ಚಾಗ್ತಾವ. ಮುಲಾಮು ಕೊಡ್ತೀನಿ, ಸಿಹಿ ಕಡಿಮಿ ಮಾಡ್ರಿ."

ಹೊರಗೆ ಬಂದಾಗ ನೆನಪಾದದ್ದು ನನ್ನ ಮುಖವಲ್ಲ, ನನ್ನ ವಿದ್ಯಾರ್ಥಿನಿ ಅಕ್ಷತಾಳ ಮುಖ. ಕೆನ್ನೆ ತುಂಬ ಮೊಡವೆಯಿದ್ದ ಆ ಹುಡುಗಿ ನನ್ನ ಪಾಠ ಕೇಳಿ ಆರು ತಿಂಗಳ ಹಿಂದೆಯೇ ಖಾರ ಬಿಟ್ಟಿದ್ದಳು. ಗೆಳತಿಯರು ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು ತಿನ್ನುವಾಗ ಇವಳು ಜಾಮ್ ಸವರಿದ ಚಪಾತಿಯ ಡಬ್ಬಿ ಬಿಚ್ಚುತ್ತಿದ್ದಳು. ಮೊಡವೆ ಹೋಗಲಿಲ್ಲವೆಂದು ನಾನೇ ಒಮ್ಮೆ ಎಲ್ಲರೆದುರು, "ಕದ್ದು ಮಿರ್ಚಿ ತಿಂತೀಯೇನ?" ಎಂದು ಕೇಳಿದ್ದೆ. "ಇಲ್ರೀ ಟೀಚರ್" ಎಂದು ತಲೆ ತಗ್ಗಿಸಿದ್ದಳು. ನಾನು ನಂಬಿರಲಿಲ್ಲ.

ಮರುದಿನ ಎಲ್ಲರೆದುರೇ ಹೇಳಿದೆ: "ಖಾರದ್ದು ನಾ ತಪ್ಪು ಕಲಿಸಿದ್ದೆ. ಅಕ್ಷತಾ, ನಿನ್ನ ಮ್ಯಾಲೆ ಸಂಶಯ ಪಟ್ಟಿದ್ದೂ ತಪ್ಪು." ಅಕ್ಷತಾ ಎದ್ದು ನಿಂತಳು. ಅತ್ತುಬಿಡುತ್ತಾಳೇನೋ ಎಂದುಕೊಂಡೆ.

"ಖರೇನ್ರೀ ಟೀಚರ್? ಹಂಗಾದ್ರ ಇವತ್ತ ರಂಜಕಾ ತಿನ್ನಲೇನ್ರಿ?"

"ತಿನ್ನವಾ. ಜಾಮ್ ಬಿಡು."

ಮಧ್ಯಾಹ್ನ ಗೆಳತಿಯ ಡಬ್ಬಿಯ ಎರಡು ರೊಟ್ಟಿ ಮುಗಿಸಿ, ಸೋರುವ ಮೂಗು ಒರೆಸಿಕೊಳ್ಳುತ್ತ ಅವಳು ನಗುತ್ತಿದ್ದಳು.

ಅವಳ ಅವ್ವನಿಗೆ ಹೇಳಿ ಅದೇ ಡಾಕ್ಟರ್ ಹತ್ತಿರ ಕಳಿಸಿದೆ. ಎರಡು ತಿಂಗಳಲ್ಲಿ ಕೆನ್ನೆ ತಿಳಿಯಾಗುತ್ತ ಬಂದಿದೆ. ನನ್ನ ಗದ್ದ ಮಾತ್ರ ಹಾಗೇ ಇದೆ. ನಿನ್ನೆ ವಿರಾಮದಲ್ಲಿ ನೋಟ್‌ಬುಕ್ ಕೊಡಲು ಸ್ಟಾಫ್ ರೂಮಿಗೆ ಬಂದ ಅಕ್ಷತಾ ನನ್ನ ಕೈಯಲ್ಲಿದ್ದ ಕರದಂಟು ನೋಡಿ, "ಟೀಚರ್, ಸಿಹಿ ಬಿಟ್ಟಿಲ್ಲೇನ್ರಿ?" ಎಂದಳು.

"ಇದು ಸಕ್ಕರೀದಲ್ಲ, ಬೆಲ್ಲದ್ದು. ಬೆಲ್ಲ ನಡೀತೈತಿ" ಎಂದುಬಿಟ್ಟೆ.

ಅವಳು ಶ್ರದ್ಧೆಯಿಂದ ತಲೆಯಾಡಿಸಿ, ಹೋಗಿ ತರಗತಿಗೆಲ್ಲ ಹೇಳಿದ್ದಾಳೆ. ಈ ತಪ್ಪನ್ನೂ ಒಪ್ಪಿಕೊಳ್ಳಲು ನಾನು ಸಿದ್ಧಳಿದ್ದೇನೆ. ಕರದಂಟಿನ ಡಬ್ಬಿಯೊಂದು ಖಾಲಿಯಾಗಲಿ ಎಂದು ಕಾಯುತ್ತಿದ್ದೇನೆ.