ನೆಂಟಸ್ತಿಕೆ ಹುಡುಕಿ ಏಸಿ ಕಳೆದುಕೊಂಡದ್ದು

ಮಗಳ ಮದುವೆ ಮುಗಿದು ಹದಿನೈದು ದಿನವಾದರೂ ನನ್ನ ಹೆಂಡತಿ ವಾರಿಜಳಿಗೆ ಸರಿಯಾದ ಒಂದು ನಿದ್ದೆ ಸಿಕ್ಕಿರಲಿಲ್ಲ. ಪಾಣೆಮಂಗಳೂರಿನ ನಮ್ಮ ಮನೆಗೆ ನೆಂಟರು ಬರುತ್ತಲೇ ಇದ್ದರು.

"ನನಗೆ ಬೇರೇನೂ ಬೇಡ. ಯಾರೂ ಎಬ್ಬಿಸದ ಒಂದು ಕೋಣೆ ಸಾಕು" ಎಂದಳು. ಹೇಳುವಾಗ ಕಣ್ಣಲ್ಲಿ ನೀರಿತ್ತು. ನಾನು ಕರಗಿಹೋದೆ.

ಶಿರ್ತಾಡಿಯ ಹತ್ತಿರ, ಹಿಂದೆ ಊರ ಯಜಮಾನಿಕೆ ನಡೆಸುತ್ತಿದ್ದವರ ಹಳೆಯ ಗುತ್ತಿನ ಮನೆಯೊಂದನ್ನು ಅತಿಥಿಗೃಹ ಮಾಡಿದ್ದಾರೆ. ಹೊರಗೆ ಕೆತ್ತನೆಯ ಕಂಬ, ಒಳಗೆ ಏಸಿ, ಬಿಸಿನೀರಿನ ಶವರ್. ಮೊಬೈಲಿನಲ್ಲೇ ಕೋಣೆ ಕಾದಿರಿಸಿದೆ. ಈ ವಯಸ್ಸಿನಲ್ಲಿ ನಾನು ಇಷ್ಟು ಯಶಸ್ವಿಯಾಗಿ ಮಾಡಿದ ಕೆಲಸ ಬೇರೊಂದಿಲ್ಲ!

ಬಸ್ಸಿನಲ್ಲೇ ವಾರಿಜ ಎಚ್ಚರಿಸಿದಳು: "ನೋಡಿ ಮಾರಾಯ್ರೇ, ಅಲ್ಲಿ ಹೋಗಿ ಯಾವ ಮನೆ, ಯಾರ ಸಂಬಂಧ ಅಂತ ಶುರು ಮಾಡಬೇಡಿ. ಹೆಸರು ಹೇಳುವ, ಬೀಗದ ಕೈ ತೆಗೆದುಕೊಳ್ಳುವ, ಮಲಗುವ."

"ನಾನು ಬಾಯಿ ಬಿಟ್ಟರೆ ಕೇಳು" ಎಂದೆ.

ಬಿಟ್ಟೆ.

ತಪ್ಪು ನನ್ನದಲ್ಲ, ನಮ್ಮ ಕಡೆಯವರ ನಾಲಗೆಯದ್ದು. ಎದುರು ಸಿಕ್ಕಿದವರ ಮೂಲ ಮನೆ ಕೇಳದೆ ನಮಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಅತಿಥಿಗೃಹದ ಯಜಮಾನಿ ಸುಮತಿಯಕ್ಕ ಬೆಲ್ಲ, ನೀರು ತಂದಿಟ್ಟು, "ಏಸಿ ಕೋಣೆ ತಯಾರುಂಟು" ಎಂದರು. ಅಷ್ಟಕ್ಕೆ ಎದ್ದಿದ್ದರೆ ಗೆದ್ದಿದ್ದೆ.

"ನಿಮ್ಮ ತಾಯಿ ಮನೆ ಎಲ್ಲಿ ಆಯ್ತು?" ಎಂದು ಕೇಳಿಯೇಬಿಟ್ಟೆ.

"ವಿಟ್ಲದ ಹತ್ತಿರ."

"ಹೋ! ವಿಟ್ಲದಲ್ಲಿ ಎಲ್ಲಿ?"

ವಾರಿಜ ನನ್ನ ಕಾಲು ತುಳಿದಳು. ನಾನು ಕಾಲು ಎಳೆದುಕೊಂಡು ಮುಂದುವರಿದೆ. ಐದೇ ನಿಮಿಷದಲ್ಲಿ, ನನ್ನ ಸೋದರಮಾವನ ಹೆಂಡತಿಯು ಸುಮತಿಯಕ್ಕನ ತಾಯಿಗೆ ದೊಡ್ಡಮ್ಮನ ಮಗಳಾಗಬೇಕೆಂಬ ಐತಿಹಾಸಿಕ ಸತ್ಯ ಹೊರಬಿತ್ತು.

ಸುಮತಿಯಕ್ಕ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು!

"ಅಯ್ಯೋ, ನಮ್ಮವರನ್ನು ಬಾಡಿಗೆ ಕೋಣೆಯಲ್ಲಿ ಮಲಗಿಸುವುದುಂಟಾ? ಊರವರು ಏನು ಹೇಳಿಯಾರು? ಒಳಗೆ ಬನ್ನಿ."

"ಪರವಾಗಿಲ್ಲ, ನಾವು ಹೊರಗಿನವರ ಹಾಗೇ ಇರ್ತೇವೆ" ಎಂದು ವಾರಿಜ ಅಂಗಲಾಚಿದಳು. ಅದನ್ನು ಸಂಕೋಚವೆಂದು ತಿಳಿದು ಸುಮತಿಯಕ್ಕ ನಕ್ಕರು.

ಒಳಗೆ ಎಂದರೆ ಭತ್ತ ತುಂಬಿಡುವ ಪತ್ತಾಯದ ಪಕ್ಕದ ಕೋಣೆ. ಫ್ಯಾನ್ ಇತ್ತು. ತಿರುಗುವುದರಲ್ಲಿ ಅದಕ್ಕೆ ಆಸಕ್ತಿ ಇರಲಿಲ್ಲ. ವಾರಿಜ ತಲೆಯಿಟ್ಟು ಎರಡು ನಿಮಿಷವಾಗಿರಲಿಲ್ಲ, "ವಾರಿಜಕ್ಕ, ಮದುವೆಯ ಫೋಟೋ ಉಂಟಾ?" ಎನ್ನುತ್ತಾ ಸುಮತಿಯಕ್ಕ ಬಂದರು. ಹಿಂದೆ ನೆರೆಮನೆಯ ನಾಲ್ವರು ಹೆಂಗಸರು. ಫೋಟೋ ಮುಗಿದದ್ದೇ, "ಇವತ್ತು ಕೋಳಿ ಸಾರು ನಿಮ್ಮ ಕೈಯದ್ದೇ ಆಗಲಿ" ಎಂದು ಅವಳನ್ನು ಪ್ರೀತಿಯಿಂದ ಅಡುಗೆಮನೆಗೆ ಕರೆದೊಯ್ದರು.

ಅಷ್ಟರಲ್ಲಿ ನಮ್ಮ ಏಸಿ ಕೋಣೆಗೆ ಬೆಂಗಳೂರಿನ ದಂಪತಿ ಬಂದಿಳಿದರು. ಮನೆಯ ಗಂಡಸಾದ ಮೇಲೆ ಅತಿಥಿಗಳಿಗೆ ಬಡಿಸದಿದ್ದರೆ ಆಗುತ್ತದೆಯೇ? ಬಡಿಸಿದೆ. ಆತ ಬೆರಳು ನೆಕ್ಕುತ್ತಾ, "ಅಂಕಲ್, ರೂಮು ತುಂಬಾ ಕೋಲ್ಡ್ ಆಗಿದೆ, ಏಸಿ ಸ್ವಲ್ಪ ಕಮ್ಮಿ ಮಾಡ್ತೀರಾ?" ಎಂದ.

ಹೋದೆ. ತಂಪು, ನಿಶ್ಶಬ್ದ, ಬಿಳಿ ಹಾಸಿಗೆ. ಒಂದು ನಿಮಿಷ ನಿಂತೆ. ಪಾಪ, ಇಲ್ಲಿ ಅವಳು ಮಲಗಿರಬೇಕಿತ್ತು. ಕಮ್ಮಿ ಮಾಡಿ ಹೊರಬಂದರೆ ವಾರಿಜ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಮೆಣಸಿನ ಘಾಟು ಮಾತ್ರವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

"ಕೋಣೆ ಹೇಗುಂಟು?"

"ತಣ್ಣಗುಂಟು" ಎಂದೆ.

ಮರುದಿನ, "ನೆಂಟರು ಒಂದು ವಾರವಾದರೂ ಇರಬೇಕು" ಎಂದ ಸುಮತಿಯಕ್ಕನಿಂದ ತಪ್ಪಿಸಿಕೊಂಡು ಮೂಡುಬಿದಿರೆಗೆ ಬಂದು ಬಂಟ್ವಾಳದ ಬಸ್ಸು ಹತ್ತಿದೆವು. ನನ್ನ ಪಕ್ಕದಲ್ಲಿ ಜಾಗವಿತ್ತು. ವಾರಿಜ ಮುಂದಿನ ಸೀಟಿಗೆ ಹೋಗಿ ಗುರುತಿಲ್ಲದ ಹೆಂಗಸೊಬ್ಬರ ಪಕ್ಕ ಕುಳಿತಳು.

ಆಕೆ ಹಿಂತಿರುಗಿ ನನ್ನನ್ನು ನೋಡಿ ಕೇಳಿದರು: "ಅಕ್ಕಾ, ಅವರು ನಿಮಗೆ ಸಂಬಂಧವಾ?"

"ಏನೂ ಇಲ್ಲ" ಎಂದ ವಾರಿಜ ಆಕೆಯ ಹೆಗಲ ಮೇಲೆ ತಲೆಯಿಟ್ಟು, ಬಂಟ್ವಾಳದವರೆಗೂ ಗೊರಕೆ ಹೊಡೆದಳು.