ಅಳಿಯನ ಮುತ್ತಜ್ಜನಿಗೆ ಜಾತಕ ಬರೆದವರು

ನಮ್ಮ ಚಿಕ್ಕಪ್ಪನಿಗೆ, ಅಂದರೆ ಅಮ್ಮನ ತಂಗಿಯ ಗಂಡನಿಗೆ, ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳಲು ಚಿಕ್ಕಮ್ಮ ಇದ್ದಾರೆ! ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ, ಅಮೆರಿಕದ ಡಬ್ಲಿನ್ ಎಂಬ ಊರಿನ ಮನೆಯಲ್ಲಿ ಕೂತು, ಇಂಗ್ಲೆಂಡಿನ ಹಳ್ಳಿ ಚರ್ಚಿನ ರಿಜಿಸ್ಟರನ್ನು ಕಂಪ್ಯೂಟರಿನ ಮೇಲೆ ಭೂತಗನ್ನಡಿ ಹಿಡಿದು ಓದುವವರನ್ನು ಇನ್ನೇನೆನ್ನಬೇಕು?

ಎಲ್ಲ ಶುರುವಾದದ್ದು ಮಗಳ ಮದುವೆಯಿಂದ. ವರ ಸ್ಯಾನ್ ಮಟಿಯೋದ ಅಮೆರಿಕನ್ ಹುಡುಗ. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವನು. ಅಪ್ಪನ ಹೆಸರು, ಇಂಗ್ಲೆಂಡಿನಲ್ಲಿ ಅವರ ಹಳ್ಳಿಯ ಹೆಸರು, ಇಷ್ಟೇ ಅವನಿಗೆ ಗೊತ್ತು. ಕನ್ಯಾದಾನದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಮೂವರ ಹೆಸರೂ ಹೇಳಬೇಕಲ್ಲ?

"ಸಿಗದಿದ್ರೆ ಬಿಡಿ ಸಾರ್, ಅಡ್ಜಸ್ಟ್ ಮಾಡೋಣ" ಎಂದರು ಪುರೋಹಿತರು.

ಚಿಕ್ಕಪ್ಪ ಕೆಂಡಾಮಂಡಲ. "ಅಡ್ಜಸ್ಟ್ ಮಾಡೋಕೆ ಅದೇನು ಬಸ್ ಸೀಟೇನ್ರೀ?"

ಮದುವೆಗೆ ಮೂರೇ ತಿಂಗಳು. ಮದುವೆ ಹಾಲ್, ಅಡುಗೆ, ಹೂವು ಎಲ್ಲ ಚಿಕ್ಕಮ್ಮನ ತಲೆಗೆ ಕಟ್ಟಿ ಇವರು ಆ ಹಳ್ಳಿಯ ಚರ್ಚಿಗೆ ಈಮೇಲು ಬರೆದರು. ಹೇಗಂತೀರಿ? 'ಪೂಜ್ಯ ಅರ್ಚಕರಿಗೆ ಸಾಷ್ಟಾಂಗ ನಮಸ್ಕಾರಗಳು', ಅದೂ ಇಂಗ್ಲಿಷಿನಲ್ಲಿ! ಬೆನ್ನಿಗೇ ಕಾಫಿಪುಡಿಯ ಪಾರ್ಸೆಲ್ಲು.

"ಅಪ್ಪಾ, ಪ್ಲೀಸ್! ದಿಸ್ ಈಸ್ ಸೋ ಎಂಬರಾಸಿಂಗ್!" ಎಂದು ಮಗಳು ಹಣೆ ಚಚ್ಚಿಕೊಂಡಳು. ಆದರೆ ಫಿಲ್ಟರ್ ಕಾಫಿಗೆ ಕರಗದ ಅರ್ಚಕರುಂಟೇ? ಅಲ್ಲಿ ರಿಜಿಸ್ಟರು ನೋಡಿಕೊಳ್ಳುವ ಅಜ್ಜಿಯೊಬ್ಬರು ಏಳು ತಲೆಮಾರಿನ ಪುಟಗಳನ್ನು ಕಳಿಸಿಯೇಬಿಟ್ಟರು.

ಬೇಕಾದದ್ದು ಮೂರು, ಸಿಕ್ಕಿದ್ದು ಏಳು. ಇನ್ನು ಕೇಳಬೇಕೆ? ಎಲ್ಲರಿಗೂ ಜಾತಕ ಬರೆದರು! ನಾನು ಪಾಲೋ ಆಲ್ಟೋದ ಆಫೀಸಿನಲ್ಲಿರುವಾಗ ಫೋನು ಬಂತು.

"ಕೇಳಿದ್ಯೇನಮ್ಮಾ? ಏಳೂ ಜನ ಭಾನುವಾರವೇ ಹುಟ್ಟಿದಾರೆ! ಸೂರ್ಯವಂಶ ಕಣೇ!"

"ಮೀಟಿಂಗಲ್ಲಿದೀನಿ ಚಿಕ್ಕಪ್ಪ..."

"ಒಂದೇ ಡೌಟು. ಮುತ್ತಜ್ಜನಿಗೆ ರಾಜಯೋಗ ಇದೆ. ರಿಜಿಸ್ಟರಲ್ಲಿ ನೋಡಿದ್ರೆ ಚರಂಡಿ ತೋಡೋನು ಅಂತ ಬರೆದಿದೆ!"

ಡೌಟು ಅಜ್ಜಿಗೆ ಹೋಯಿತು. ಅವು ಹುಟ್ಟಿದ ದಿನಗಳಲ್ಲ, ಮಗುವಿನ ತಲೆಗೆ ನೀರು ಹಾಕಿ ಹೆಸರಿಟ್ಟ ದಿನಗಳು, ಅದನ್ನು ಭಾನುವಾರವೇ ಮಾಡುವ ರೂಢಿ ಎಂದು ಉತ್ತರ ಬಂತು. ಚಿಕ್ಕಪ್ಪ ಏಳೂ ಜಾತಕಗಳನ್ನು ಮಡಚಿ ಬೀರುವಿನಲ್ಲಿಟ್ಟರು.

ಮದುವೆಯ ದಿನ ಪುರೋಹಿತರು "ಥಾಮಸ್ ಶರ್ಮಣಃ ಪ್ರಪೌತ್ರಾಯ, ಹೆನ್ರಿ ಶರ್ಮಣಃ ಪೌತ್ರಾಯ, ಪೀಟರ್ ಶರ್ಮಣಃ ಪುತ್ರಾಯ" ಎಂದಾಗ ನಾವೆಲ್ಲ ಮುಸಿಮುಸಿ ನಕ್ಕೆವು. ಅಪ್ಪನ ಹೆಸರು ಕೇಳಿ ಹುಡುಗ ಮಾತ್ರ ಕಣ್ಣೊರೆಸಿಕೊಂಡ.

ಆಮೇಲೆ ನಮ್ಮ ಕಡೆಯ ಸರದಿ. ವಧುವಿನ ಮುತ್ತಜ್ಜನ ಜಾಗದಲ್ಲಿ "ನಾರಾಯಣ" ಎಂದರು. ಅಜ್ಜನ ಜಾಗದಲ್ಲೂ "ನಾರಾಯಣ". ಇದೇನು ತಪ್ಪಾಯಿತೇ ಎಂದು ಚಿಕ್ಕಮ್ಮನ ಮುಖ ನೋಡಿದೆ.

"ಇವರನ್ನ ಎಳೇ ಮಗುವಿದ್ದಾಗಲೇ ಮಠದವರು ಸಾಕ್ಕೊಂಡಿದ್ದು ಕಣೇ. ಅಪ್ಪ ಯಾರೂಂತ ಗೊತ್ತಿಲ್ಲ. ಹೆಸರು ಗೊತ್ತಿಲ್ದಾಗ ದೇವರ ಹೆಸರು ಹೇಳ್ತಾರೆ. ನಮ್ಮ ಮದುವೇಲೂ ಹೀಗೇ ಹೇಳಿದ್ರು."

ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅಲ್ಲಿ ಚಿಕ್ಕಪ್ಪ ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು, ಅವನ ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದರು:

"ಯುವರ್ ಫಾದರ್ಸ್ ನೇಮ್... ಸರಿಯಾಗಿ ಕೇಳಿಸ್ತೇನಪ್ಪಾ?"