ಬೀದಿಯ ಮಗ್ಗ ನಿಲ್ಲಿಸಿದ ಮಾವ

ನಮ್ಮ ಸೋದರಮಾವನಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. ದೊಡ್ಡಬಳ್ಳಾಪುರದ ಮಗ್ಗಗಳ ಗದ್ದಲದಲ್ಲಿ ಹುಟ್ಟಿ ಬೆಳೆದವನು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತದೆ. ನಾನು ಬೆಳೆದದ್ದೂ ಅವನ ಮನೆಯಲ್ಲೇ. ಅಂಥ ಮನೆಯಲ್ಲಿ ಕೂತು ಪದವಿಯ ಕೊನೆಯ ಪರೀಕ್ಷೆಯನ್ನು ಆನ್‌ಲೈನ್‌ನಲ್ಲಿ ಬರೆಯಬೇಕಂತೆ!

ಅನುಕೂಲವೇನೋ ಇತ್ತು, ಸುಳ್ಳು ಹೇಳಬಾರದು. ಯಲಹಂಕದ ಜಾಮ್‌ನಲ್ಲಿ ಬಸ್ಸಿನೊಳಗೆ ನಿಂತು, ಓದಿದ್ದೆಲ್ಲ ಮರೆಯುವ ಕಷ್ಟ ತಪ್ಪಿತು. ಆದರೆ ಕ್ಯಾಮೆರಾದಲ್ಲಿ ಕಾಯುವವರಿಂದ ಮೂರು ಎಚ್ಚರಿಕೆ ಬಂದರೆ ಪರೀಕ್ಷೆ ರದ್ದು, ಒಂದು ವರ್ಷ ನೀರುಪಾಲು.

ಲ್ಯಾಪ್‌ಟಾಪಿನೊಳಗಿಂದ ಮೇಲ್ವಿಚಾರಕಿ, "ಕೋಣೆ ಪೂರ್ತಿ ತೋರಿಸಿ, ಮಂಚದ ಕೆಳಗೂ" ಎಂದಳು. ಮಾವ ಕೆರಳಿದ.

"ಹೆಣ್ಣು ನೋಡೋಕೆ ಬಂದೋರೂ ಮಂಚದ ಕೆಳಗೆ ತೋರ್ಸಿ ಅನ್ನಲ್ಲ ಕಣಮ್ಮ. ನಾವೇನು ಕಳ್ರಾ?"

ನನಗೂ ಮೈ ಉರಿಯಿತು. ಆದರೂ ಮಂಚದ ಕೆಳಗಿನ ಈರುಳ್ಳಿಯನ್ನೆಲ್ಲ ತೋರಿಸಿ ಬರೆಯಲು ಕೂತೆ. ಕೂತ ಕೂಡಲೇ ಮೊದಲನೇ ಎಚ್ಚರಿಕೆ: ಮಗ್ಗದ ಸದ್ದು. ಮಾವ ತನ್ನ ಮಗ್ಗ ನಿಲ್ಲಿಸಿದ. ಸಾಲದೆಂದು ಬೀದಿಗಿಳಿದು, ಮನೆಮನೆಯಲ್ಲೂ ಜಗಳವಾಡಿ ಎಲ್ಲರ ಮಗ್ಗವನ್ನೂ ನಿಲ್ಲಿಸಿಬಂದ. ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಕಿಟಕಿ ನಡುಗುವಂತೆ ಹಾರಿತು. ಅದು ಮಾತ್ರ ಮೇಲ್ವಿಚಾರಕಿಗೆ ಕೇಳಿಸಲೇ ಇಲ್ಲ. ಬಡವರ ಸದ್ದಷ್ಟೇ ಕೇಳಿಸುವ ಕಿವಿಯೇನೋ!

ನಮ್ಮಲ್ಲಿ ಕರೆಂಟು ಇದ್ದೂ ಇಡೀ ಬೀದಿಯ ಮಗ್ಗ ನಿಂತಿತೆಂದರೆ ಯಾರೋ ತೀರಿಕೊಂಡರೆಂದೇ ಅರ್ಥ. ಹಿಂದಿನ ಬೀದಿಯ ಅಜ್ಜಿ ನನ್ನ ಬೆನ್ನ ಹಿಂದಿನ ಕಿಟಕಿಯಲ್ಲಿ ಇಣುಕಿ, "ಯಾರವ್ವಾ ಹೋಗಿದ್ದು?" ಎಂದಳು.

ಎರಡನೇ ಎಚ್ಚರಿಕೆ: ಇನ್ನೊಂದು ಮುಖ. ನಮ್ಮ ಮುಂಬಾಗಿಲಿಗೆ ಆಗಲೇ ಹಾರ ಹಿಡಿದುಕೊಂಡು ನಾಲ್ಕಾರು ಜನ ಬರುತ್ತಿದ್ದರು. ಹೊಸ್ತಿಲಲ್ಲಿ ಕೂತಿದ್ದ ಮಾವ ಎದ್ದ. ಈಗ ಇವನು ಬಾಯಿ ತೆರೆದರೆ ನನ್ನ ವರ್ಷ ಹೋಯಿತು. ಹಾಳಾದ ಕ್ಯಾಮೆರಾ, ಹಾಳಾದ ಮಾವ! ಹಲ್ಲು ಕಚ್ಚಿಕೊಂಡು ಕಾದೆ.

ಕೂಗು ಬರಲಿಲ್ಲ.

ಓರೆಗಣ್ಣಲ್ಲಿ ನೋಡಿದೆ. ಬಾಗಿಲಿಗೆ ಅಡ್ಡ, ಮುಖ ನನಗೆ ಕಾಣುವಂತೆ ಓರೆಯಾಗಿ ನಿಂತು ಅವನು ಬರೀ ತುಟಿ ಆಡಿಸುತ್ತಿದ್ದ. ಮಗ್ಗದ ಗದ್ದಲದಲ್ಲಿ ಬೆಳೆದ ನಮಗೆಲ್ಲ ತುಟಿ ನೋಡಿದರೆ ಮಾತು ತಿಳಿಯುತ್ತದೆ. ಹುಟ್ಟಿದಾಗಿನಿಂದ ನನ್ನನ್ನು ಕತ್ತೆ ಎಂದೇ ಕರೆದವನು, ಬಂದವರಿಗೆಲ್ಲ ಕೈಮುಗಿದು ಹೇಳುತ್ತಿದ್ದ:

"ನನ್ ಮಗ್ಳು ಪರೀಕ್ಷೆ ಬರೀತಾವ್ಳೆ."

"ಪರದೆ ನೋಡಿ" ಎಂದು ಮೇಲ್ವಿಚಾರಕಿ ಗದರಿದಳು.

"ನೋಡ್ತಾನೇ ಇದ್ದೀನಿ ಮೇಡಂ" ಎಂದೆ. ಕಣ್ಣು ತುಂಬಿ ಒಂದಕ್ಷರವೂ ಕಾಣುತ್ತಿರಲಿಲ್ಲ.